ಮರಿ ರೊಟ್ಟಿ

ಬಾಗಿಲಿಗೆ ಕೀಲಿ ಹಾಕಿ ನಾಲ್ಕು ಹೆಜ್ಜೆ ನಡೆದ ಮೇಲೆ ಮನಸ್ಸಿನೊಳಗೆ ಯಾರೋ "ಆತು, ನಡಿ" ಅನ್ನುತ್ತಾರಲ್ಲ, ಅವರು ಯಾರು ಅಂತ ನಾವು ಒಂದು ದಿನವೂ ಕೇಳುವುದಿಲ್ಲ. ಉಂಡು ಕೈ ತೊಳೆದಾಗ, ಅರ್ಜಿಗೆ ಸಹಿ ಹಾಕಿದಾಗ, ಬಟ್ಟೆ ಹಿಂಡಿ ತಂತಿಯ ಮೇಲೆ ಹಾಕಿದಾಗ, ದಿನಕ್ಕೆ ನೂರು ಸಲ ಆ ಮಾತು ಕೇಳಿಸುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೆ ಒಂದು ಮುಂಜಾನೆ ಅದು ಕೇಳಿಸಲೇ ಇಲ್ಲ ಅನ್ನಿ. ಕೀಲಿ ಹಾಕಿದ್ದು ಗೊತ್ತಿದೆ, ಕೀಲಿಕೈ ಅಂಗೈಯಲ್ಲೇ ಇದೆ, ಆದರೂ ಹಾಕಿದಂತೆ ಅನಿಸುವುದಿಲ್ಲ. ಆಗ ತಿರುಗಿ ಹೋಗಿ ಮತ್ತೆ ಹಾಕುತ್ತೀರಿ. ಮತ್ತೂ ಒಮ್ಮೆ ಹಾಕುತ್ತೀರಿ. ಸಂಜೆಯಾದರೂ ಅದೇ ಬಾಗಿಲ ಮುಂದೆ ನಿಂತಿರುತ್ತೀರಿ.

ದಾಕ್ಷಾಯಿಣಿಯ ತಾಯಿಯ ಮನೆತನದಲ್ಲಿ ಹೀಗಾಗುತ್ತಿತ್ತು. ಎಲ್ಲರಿಗೂ ಅಲ್ಲ, ಹುಟ್ಟಿದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ. ಅವಳ ಅಜ್ಜಿ ಅಂಗಳ ಗುಡಿಸಲು ನಿಂತರೆ ಪೊರಕೆಯ ಕಡ್ಡಿ ಸವೆದು ಬರೀ ಹಿಡಿ ಉಳಿಯುತ್ತಿತ್ತು. ಅಂಗಿ ಹೊಲಿಯುತ್ತಿದ್ದ ಸೋದರಮಾವ ಒಂದೇ ಹೊಲಿಗೆಯ ಮೇಲೆ ಹೊಲಿಗೆ ಹಾಕಿ ಹಾಕಿ ಬಟ್ಟೆಯನ್ನು ಹಲಗೆ ಮಾಡಿಬಿಡುತ್ತಿದ್ದ. ಊರವರು ದೆವ್ವ ಎಂದರು, ಮಾಟ ಎಂದರು, ತಾಯತ ಕಟ್ಟಿದರು. ಮನೆಯವರು 'ತೀರದ ಬ್ಯಾನಿ' ಎಂದು ಹೆಸರಿಟ್ಟು ಸುಮ್ಮನಾದರು.

ಡಾಕ್ಟರರು ಹೇಳುವ ಸಂಗತಿ ಇಷ್ಟೇ. ಕೆಲಸ ಮುಗಿದಾಗ ಮೆದುಳಿನ ನಡುವಿನ ಅವರೆಕಾಳಿನಷ್ಟು ಜಾಗದಿಂದ ಒಂದು ಅಲೆ ಏಳುತ್ತದೆ. ಆ ಅಲೆಯೇ ನಮ್ಮೊಳಗಿನ 'ಆತು'. ನಾಡಿನಲ್ಲಿ ಅಲ್ಲಲ್ಲಿ ಇರುವ ಇಂಥ ಮನೆತನಗಳ ವಂಶವಾಹಿಯೊಂದರಲ್ಲಿ ಸಣ್ಣ ತಪ್ಪಿದೆ, ಅದರಿಂದ ನಲವತ್ತರ ಆಸುಪಾಸಿನಲ್ಲೋ ಆಮೇಲೋ ಆ ಜಾಗ ಒಣಗತೊಡಗುತ್ತದೆ. ನೆನಪು ಹೋಗುವುದಿಲ್ಲ, ಬುದ್ಧಿ ಕೆಡುವುದಿಲ್ಲ. ಕೆಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆಲಸ ಮುಗಿದಿದೆ ಎಂದು ಮನುಷ್ಯನಿಗೆ ಪೂರ್ತಿ ಗೊತ್ತಿರುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ.

ದಾಕ್ಷಾಯಿಣಿಯ ತಾಯಿ ನೀಲಗಂಗವ್ವ ಧಾರವಾಡದಲ್ಲಿ ಮೂವತ್ತು ವರ್ಷ ಖಾನಾವಳಿ ನಡೆಸಿದವಳು. ಅವಳು ಬಡಿದ ಜೋಳದ ರೊಟ್ಟಿಯನ್ನು ಹಾಳೆಯಂತೆ ಮಡಿಚಬಹುದಿತ್ತು. ಬೇನೆ ಶುರುವಾಗಿ ಎರಡು ವರ್ಷವಾದರೂ ಯಾರಿಗೂ ಗೊತ್ತಾಗಲಿಲ್ಲ. "ಕೈಗೆ ಬಿಡುವು ಅಂಬೋದ ಇಲ್ಲ ನೋಡ್ರಿ ಆಕಿಗೆ" ಎಂದು ಓಣಿಯವರೆಲ್ಲ ಹೊಗಳಿದರು. ಹೆಂಗಸು ಕೆಲಸ ನಿಲ್ಲಿಸದಿದ್ದರೆ ಅದನ್ನು ರೋಗ ಅನ್ನುವವರು ಯಾರು?

ಈಗ ನೀಲಗಂಗವ್ವನಿಗೆ ಅರವತ್ತೊಂದು. ಖಾನಾವಳಿ ಮುಚ್ಚಿ ಮಗಳ ಮನೆಯಲ್ಲಿದ್ದಾಳೆ. ಆ ಸೋಮವಾರ ಮುಂಜಾನೆ ದಾಕ್ಷಾಯಿಣಿ ಅಡುಗೆಮನೆಗೆ ಬಂದಾಗ ಒಂದು ಬುಟ್ಟಿ ತುಂಬಿ ಎರಡನೆಯದು ತುಂಬುತ್ತಿತ್ತು. ಪರಾತದಲ್ಲಿ ಹಿಟ್ಟು ತಗ್ಗಿದಂತೆಲ್ಲ ತಾಯಿ ಡಬ್ಬಿಯಿಂದ ಮತ್ತಷ್ಟು ಸುರಿದು ಎಸರು ಹಾಕುತ್ತಿದ್ದಳು. ಕಿವಿಯ ಹಿಂದೆ ನರರೋಗ ಕೇಂದ್ರದ ಡಾಕ್ಟರರು ಕೂರಿಸಿದ ಬಿಲ್ಲೆ ಮಿನುಗುತ್ತಿತ್ತು. ಅಂಗೈಯ ಬೊಬ್ಬೆ ಒಡೆದು ರೊಟ್ಟಿಯ ಮೇಲೆ ಕೆಂಪು ಚುಕ್ಕೆ ಬಿದ್ದಿತ್ತು.

"ಯವ್ವಾ, ಸಾಕು ಬಿಡು. ಬುಟ್ಟಿ ತುಂಬೇತಿ."

"ಕಾಣತೈತಿ ಮಗಳ, ಕಣ್ಣ ಹೋಗಿಲ್ಲ ನಂದು. ಮೂರ ಮಂದಿ ಮನ್ಯಾಗ ಇಷ್ಟ ರೊಟ್ಟಿ ಯಾರಿಗೆ ಬೇಕು?" ತಾಯಿಯ ಕೈ ಬಡಿಯುತ್ತಲೇ ಇತ್ತು. "ಒಳಗ ಆತು ಅನಸವಲ್ದು. ಹೆಂಗ ಬಿಡ್ಲಿ ಹೇಳು?"

ಒಲೆ ಆರಿಸಿ ಎಳೆದುಕೊಂಡು ಹೋಗಿ ಕೂರಿಸಿದ್ದೂ ಆಗಿತ್ತು. ಆಗ ಆಕೆ ತನ್ನ ತೊಡೆಯ ಮೇಲೆ ಬಡಿಯುತ್ತಾಳೆ, ಗೋಡೆಗೆ ಬಡಿಯುತ್ತಾಳೆ. ಮುಂಜಾನೆಯ ರೊಟ್ಟಿಯೇ ಮುಗಿದಿಲ್ಲವಾದ್ದರಿಂದ ಉಣ್ಣುವುದಿಲ್ಲ, ಮಲಗುವುದಿಲ್ಲ. ಮಗಳು ಬಾಯಿಗೆ ಹಿಡಿದ ನಾಲ್ಕು ತುತ್ತು ಗಂಜಿಯೇ ದಿನದ ಊಟ. ಆರು ತಿಂಗಳಲ್ಲಿ ಹತ್ತು ಕಿಲೋ ಇಳಿದಿದ್ದಳು.

ಊರ ಹೊರಗಿನ ಗುಡ್ಡದ ಮೇಲಿದ್ದ ನರರೋಗ ಕೇಂದ್ರದಲ್ಲಿ ದಾಕ್ಷಾಯಿಣಿ ನಿಯಂತ್ರಣ ಕೊಠಡಿಯ ತಂತ್ರಜ್ಞೆ. ಇದೇ ಬೇನೆಗಾಗಿ ಕಟ್ಟಿದ ಕೇಂದ್ರ ಅದು. ಮೂವತ್ತಾರು ವರ್ಷದ ಈ ಹೆಣ್ಣುಮಗಳು ಈ ಕೆಲಸಕ್ಕೆ ಯಾಕೆ ಸೇರಿದಳು ಎಂದು ಬಿಡಿಸಿ ಹೇಳಬೇಕಿಲ್ಲ. ಅವಳ ಸ್ವಂತ ರಕ್ತಪರೀಕ್ಷೆಯ ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ ಎರಡು ವರ್ಷದಿಂದ ಮನೆಯ ಕಪಾಟಿನಲ್ಲಿತ್ತು. ಗಂಡ ಶಿವಯೋಗಿ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅವನು ಅದನ್ನು ಒಡೆಯೋಣವೇ ಎಂದು ಒಮ್ಮೆ ಕೇಳಿದ್ದ. ಅವಳು ಕಪಾಟಿನ ಬಾಗಿಲು ಮುಚ್ಚಿದ್ದಳು, ಅವನು ಮತ್ತೆ ಕೇಳಲಿಲ್ಲ. ಮಕ್ಕಳ ಮಾತೂ ಆ ಲಕೋಟೆಯೊಳಗೇ ಉಳಿದುಬಿಟ್ಟಿತು.

ಕೇಂದ್ರದವರು ಮಾಡಿದ ಯಂತ್ರವನ್ನು ನರ್ಸುಗಳು ಗಂಟೆಯೆಂಬ ಅರ್ಥದಲ್ಲಿ 'ಗಂಟಿ' ಎನ್ನುತ್ತಿದ್ದರು. ಕಿವಿಯ ಹಿಂದಿನ ಬಿಲ್ಲೆಯಿಂದ ಎರಡು ಕೂದಲೆಳೆಯಂಥ ತಂತಿ ಮೆದುಳಿಗೆ ಇಳಿಯುತ್ತವೆ. ಕೆಲಸ ಮುಗಿಯಿತೆಂದು ಬಿಲ್ಲೆಗೆ ತಿಳಿದ ಕೂಡಲೇ ಒಂದಿಷ್ಟು ವಿದ್ಯುತ್ತು ಹರಿದು, ಒಣಗಿದ ಜಾಗದ ಬದಲು ಅದೇ 'ಆತು' ಅನ್ನುತ್ತದೆ. ಬಹಳ ಮಂದಿಗೆ ಚೆನ್ನಾಗಿಯೇ ಕೆಲಸ ಮಾಡಿತ್ತು. ನೀಲಗಂಗವ್ವನಿಗೆ ಮಾತ್ರ ಅದು ಒಂದು ದಿನವೂ ಒಗ್ಗಲಿಲ್ಲ.

"ಮೂರು ಸಲ ಕರೆಂಟ್ ಏರಿಸಿದ್ವಿ ದಾಕ್ಷಾಯಿಣಿ ಅವರ," ಎಂದರು ಡಾಕ್ಟರ್ ಹೆಬಸೂರ. ತಲೆ ನರೆತ, ಯಾರಿಗೂ ಏರುದನಿಯಲ್ಲಿ ಮಾತಾಡದ ಮನುಷ್ಯ. "ಅಂಗೈ ನೋಡೀರಲ್ಲ? ಸೋಂಕು ರಕ್ತಕ್ಕ ಏರಿದ್ರ ನಮ್ಮ ಕೈಯಾಗ ಏನೂ ಇರೂದಿಲ್ಲ. ಇನ್ನ ಉಳಿದದ್ದು ನಿರಂತರ ಹರಿವು ಒಂದ."

ಎದುರಿನ ಪರದೆಯ ಮೇಲೆ ಎರಡನೇ ವಾರ್ಡು ಕಾಣುತ್ತಿತ್ತು. ಮೊದಮೊದಲು ಒಗ್ಗಿದ ಗಂಟೆ ಬರಬರುತ್ತ ಸಾಲದೆ ನಿರಂತರ ಹರಿವು ಕೊಟ್ಟ ಎಂಟು ಮಂದಿ ಅಲ್ಲಿದ್ದರು. ಗಂಟೆ ಅವರಿಗೆ ಒಮ್ಮೆ ಬಾರಿಸಿ ನಿಲ್ಲುವುದಿಲ್ಲ, ಬಾರಿಸುತ್ತಲೇ ಇರುತ್ತದೆ. ಎಲ್ಲ ಮುಗಿದಿದೆ, ಎಲ್ಲ ಚೆನ್ನಾಗಿದೆ. ಮೂರನೇ ಮಂಚದ ನಿವೃತ್ತ ಸ್ಟೇಷನ್ ಮಾಸ್ತರರ ಮುಂದೆ ಮುಟ್ಟದ ತಟ್ಟೆ ಆರಿಹೋಗಿತ್ತು. "ಊಟ ಮಾಡ್ರಿ" ಎಂದು ನರ್ಸು ಹೇಳಿದರೆ "ಆತವ್ವಾ, ಭಾಳ ಛಲೋ ಆತು" ಎಂದು ನಗುತ್ತಿದ್ದರು. ಹಿಂದಿನ ವಾರ ಅವರ ಮಗಳು ಬೆಳಗಾವಿಯಿಂದ ಬಂದು ಬಾಗಿಲಲ್ಲಿ ನಿಂತಾಗ ಅವರು ಅದೇ ನಗೆ ನಕ್ಕು, "ಬಂದು ಮಾತಾಡಿ ಹೋದೆಲ್ಲವಾ, ಭಾಳ ಸಂತೋಷ ಆತು" ಎಂದಿದ್ದರು. ಆ ಹುಡುಗಿ ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

"ಶುಕ್ರವಾರದೊಳಗ ಒಪ್ಪಿಗೆ ಪತ್ರಕ್ಕ ಸಹಿ ಮಾಡ್ರಿ," ಎಂದು ಡಾಕ್ಟರ್ ಕಾಗದ ಮುಂದಿಟ್ಟರು. "ನನಗೂ ಮನಸ್ಸಿಲ್ಲರೀ. ಆದ್ರ ಜೀವ ಉಳೀಬೇಕಲ್ಲ."

ಸಂಜೆ ಅವಳು ತಾಯಿಯ ಅಂಗೈಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿದಳು. ಕಟ್ಟಿದ ಕೈಗಳು ಮಡಿಲಲ್ಲಿ ಮೆಲ್ಲಗೆ ಬಡಿಯುತ್ತಲೇ ಇದ್ದವು. ಹೇಳುವುದೋ ಬಿಡುವುದೋ ಎಂದು ತೊಳಲಾಡಿ ಕಡೆಗೆ ಹೇಳಿದಳು.

"ಆ ನಗೂ ಮಂದಿ ವಾರ್ಡಿನ್ಯಾಗೇನು?" ನೀಲಗಂಗವ್ವ ಕೇಳಿದಳು. ತಪಾಸಣೆಗೆ ಹೋದಾಗ ಆಕೆ ಕಿಟಕಿಯಿಂದ ನೋಡಿದ್ದಳು. "ಬ್ಯಾಡ ಮಗಳ. ಈ ಸಂಕಟ ಇರೂದು ಖರೆ. ಆದ್ರ ಅದು ನಂದು ಐತಿ. ನೀ ಮುಂದ ಬಂದು ನಿಂತ್ರೂ ಬಂದು ಹೋದಿ ಅನಸೂದಂದ್ರ, ಅದು ಸತ್ತಂಗ ಅಲ್ಲೇನು?"

"ಇಲ್ಲಂದ್ರ ನೀ ಉಳಿಯೂದಿಲ್ಲಂತ ಯವ್ವಾ."

"ಹಂಗಾರ ನೀ ಹೆಂಗಂತಿ ಹಂಗ," ಎಂದು ತಾಯಿ ಕಣ್ಣು ಮುಚ್ಚಿಕೊಂಡಳು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು. ಅತ್ತ ದರಿ, ಇತ್ತ ಪುಲಿ. ದಾಕ್ಷಾಯಿಣಿಗೆ ಎದೆಯ ಮೇಲೆ ಬೀಸುವ ಕಲ್ಲು ಇಟ್ಟಂತಾಯಿತು.

ಗಂಟೆ ತನ್ನ ತಾಯಿಗೊಬ್ಬಳಿಗೇ ಯಾಕೆ ಒಗ್ಗಲಿಲ್ಲ? ಗುರುವಾರ ಮಧ್ಯಾಹ್ನ, ಸಹಿಗೆ ಒಂದು ದಿನ ಉಳಿದಾಗ, ಅವಳು ತಾಯಿಯ ಹಳೆಯ ದಾಖಲೆ ತೆಗೆದಳು. ಬಿಲ್ಲೆ ಕೂರಿಸುವ ಮುಂಚೆ ಪ್ರತಿ ರೋಗಿಯನ್ನೂ ನಲವತ್ತು ದಿನ ದಾಖಲಿಸುತ್ತಾರೆ. ತಲೆಗೊಂದು ಪಟ್ಟಿ, ಮನೆಯಲ್ಲೊಂದು ಕ್ಯಾಮೆರಾ. ಅಲೆ ಇನ್ನೂ ಪೂರ್ತಿ ಸತ್ತಿರುವುದಿಲ್ಲವಾದ್ದರಿಂದ ಅದು ಯಾವ ಕೆಲಸದ ಯಾವ ಗಳಿಗೆಯಲ್ಲಿ ಏಳುತ್ತದೆ ಎಂದು ನೋಡಿ ಬಿಲ್ಲೆಗೆ ಕಲಿಸುತ್ತಾರೆ. ಮೂರು ವರ್ಷದ ಹಿಂದೆ ಆ ದಾಖಲೆಗಳನ್ನು ಕತ್ತರಿಸಿ ಜೋಡಿಸಿದವಳು ದಾಕ್ಷಾಯಿಣಿಯೇ. "ಅಡಗಿ ಎಲ್ಲಿಗೆ ಮುಗೀತೈತಿ?" ಎಂದು ಎಂಜಿನಿಯರ್ ಕೇಳಿದ್ದ. "ಒಲಿ ಆರಿಸಿದಾಗ" ಎಂದು ಅವಳು ಹೇಳಿದ್ದಳು. ಅಷ್ಟಕ್ಕೆ ಕತ್ತರಿಸಿದ್ದಳು. ಅಲ್ಲಿ ಅಲೆಯೇನೂ ಕಾಣದಿದ್ದಾಗ, ಬೇನೆ ಜಾಸ್ತಿಯಾಗಿದೆ ಎಂದುಕೊಂಡು ಎಲ್ಲರೂ ಸುಮ್ಮನಾದರು. ಒಲೆ ಆರಿದಾಗ ಬಾರಿಸಬೇಕೆಂದು ಬಿಲ್ಲೆಗೆ ಕಲಿಸಿಬಿಟ್ಟರು.

ಈಗ ಅವಳು ಕತ್ತರಿಸದ ಮೂಲ ದಾಖಲೆ ತೆರೆದಳು. ಮೊದಲ ದಿನ. ಒಲೆ ಆರಿದಾಗ ಅಲೆಯ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಮಧ್ಯಾಹ್ನವೂ ಹಾಗೇ. ಸಂಜೆ ಆರೂವರೆಗೆ ಗೆರೆ ದಿಢೀರನೆ ಎದ್ದು ಗುಡ್ಡದಂತೆ ನಿಂತಿತು. ಎರಡನೆಯ ದಿನ ಆರೂ ನಲವತ್ತಕ್ಕೆ. ಹನ್ನೊಂದನೆಯ ದಿನ ಬಸವ ಜಯಂತಿಯ ರಜೆ, ಅಂದು ಮುಂಜಾನೆಯೇ ಎದ್ದಿತ್ತು. ಇಪ್ಪತ್ತಾರನೆಯ ದಿನ ಇಡೀ ದಿನ ಏನೂ ಇಲ್ಲ. ಅಂದು ದಾಕ್ಷಾಯಿಣಿ ಅತ್ತೆಯ ಊರಿಗೆ ಹೋಗಿದ್ದಳು.

ಅವಳು ಮೊದಲ ದಿನ ಸಂಜೆ ಆರೂವರೆಯ ಚಿತ್ರ ತೆರೆದಳು. ಪರದೆಯ ಮೇಲೆ ತನ್ನನ್ನು ತಾನೇ ಕಂಡಳು. ಕೆಲಸದಿಂದ ಬಂದ ದಾಕ್ಷಾಯಿಣಿ ಚೀಲ ಬಿಸಾಕಿ, ಅಡುಗೆಮನೆಯ ಗೂಡಿನಲ್ಲಿ ಬಟ್ಟೆ ಸುತ್ತಿಟ್ಟ ಮರಿ ರೊಟ್ಟಿ ತೆಗೆದು, ನಿಂತಲ್ಲೇ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಳು. ಮೂಲೆಯಲ್ಲಿ ಕುಳಿತ ನೀಲಗಂಗವ್ವ ಮಗಳ ಬಾಯನ್ನೇ ನೋಡುತ್ತಿದ್ದಳು. ಮರಿ ರೊಟ್ಟಿ ಎಂದರೆ ಪರಾತದ ತಳದಲ್ಲಿ ಉಳಿದ ಹಿಟ್ಟಿನ ಅಂಗೈಯಗಲದ ಕಡೇ ರೊಟ್ಟಿ. ಹಲ್ಲು ಬಂದಾಗಿನಿಂದ ಅದು ದಾಕ್ಷಾಯಿಣಿಯದು. ಖಾನಾವಳಿಗೆ ಇನ್ನೂರು ಮಂದಿ ಬಂದ ದಿನವೂ ಅದನ್ನು ಬೇರೆ ಯಾರ ತಟ್ಟೆಗೂ ಹಾಕಿರಲಿಲ್ಲ.

ಉಣ್ಣುವವರಿಗೆ ಅಡುಗೆ ಮುಗಿಯುವುದು ಒಲೆ ಆರಿದಾಗ. ಮಾಡುವವಳಿಗೆ ಯಾವಾಗ ಮುಗಿಯುತ್ತದೆ ಎಂದು ಮೂವತ್ತು ವರ್ಷ ಉಂಡ ಮಗಳು ಒಂದು ದಿನವೂ ಕೇಳಿರಲಿಲ್ಲ. ಪಕ್ಕದ ಕೋಣೆಯಲ್ಲೇ ಇದ್ದ ತಾಯಿಯನ್ನು ಕೇಳದೆ ಎಂಜಿನಿಯರನಿಗೆ ತಾನೇ ಉತ್ತರ ಕೊಟ್ಟುಬಿಟ್ಟಿದ್ದಳು. ಬೇನೆ ಬಲಿತ ಮೇಲಂತೂ ಪರಾತದ ಹಿಟ್ಟು ತಳ ಕಾಣಲೇ ಇಲ್ಲ, ಮರಿ ರೊಟ್ಟಿ ಹುಟ್ಟಲೇ ಇಲ್ಲ. ದಾಕ್ಷಾಯಿಣಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಆಮೇಲೆ ಮುಖ ತೊಳೆದುಕೊಂಡು, ತಾಯಿಯ ಗಂಟೆಯನ್ನು ನಿಲ್ಲಿಸಿ, ಬಿಲ್ಲೆಯ ದಾಖಲೆ ಮಾತ್ರ ನಡೆಯಲು ಬಿಟ್ಟು, ಅರ್ಧ ದಿನದ ರಜೆ ಬರೆದಿಟ್ಟು ಮನೆಗೆ ಓಡಿದಳು.

ಮನೆಯಲ್ಲಿ ಬಡಿಯುವ ಸಪ್ಪಳ ಹಾಗೇ ಇತ್ತು. ಕಟ್ಟಿದ ಬಟ್ಟೆಯನ್ನು ನೀಲಗಂಗವ್ವ ಹಲ್ಲಿನಿಂದ ಬಿಚ್ಚಿ ಬಿಸಾಕಿದ್ದಳು. ದಾಕ್ಷಾಯಿಣಿ ಒಲೆಯ ಪಕ್ಕ, ಸಣ್ಣವಳಿದ್ದಾಗ ಕೂರುತ್ತಿದ್ದ ಹಾಗೆ, ಕಾಲು ಮಡಿಚಿ ನೆಲದ ಮೇಲೆ ಕುಳಿತಳು.

"ಯವ್ವಾ, ನನ್ನ ಮರಿ ರೊಟ್ಟಿ ಎಲ್ಲಿ?"

ತಾಯಿಯ ಕೈ ಒಂದು ಗಳಿಗೆ ತಡೆಯಿತು. ಎಷ್ಟೋ ದಿನದಿಂದ ತಡೆಯದ ಕೈ. ಆಕೆ ಮಗಳ ಮುಖ ನೋಡಿದಳು, ಪರಾತ ನೋಡಿದಳು, ಒಂದು ನಿಂಬೆಹಣ್ಣಿನಷ್ಟು ಹಿಟ್ಟು ಚಿವುಟಿ ತಟ್ಟತೊಡಗಿದಳು. ಹಂಚಿನ ಮೇಲೆ ಅದು ಪೂರಿಯಂತೆ ಉಬ್ಬಿತು. ದಾಕ್ಷಾಯಿಣಿ ಬಿಸಿಯನ್ನೇ ಇಸಿದುಕೊಂಡು, ಬಾಯಿ ಸುಡುತ್ತಿದ್ದರೂ ಒಂದು ಚೂರೂ ಬಿಡದೆ ತಿಂದಳು. ನೀಲಗಂಗವ್ವ ನೋಡುತ್ತಲೇ ಇದ್ದಳು. ಆಮೇಲೆ ತಾನಾಗಿ ಕೈ ಚಾಚಿ ಒಲೆ ಆರಿಸಿದಳು.

"ಆತೇನವ್ವಾ?"

"ಆತು," ಎಂದಳು ತಾಯಿ. ಉಸಿರು ಬಿಟ್ಟು, ಗೋಡೆಗೆ ಒರಗಿ, ನಾಚಿಕೊಂಡವಳಂತೆ ಹೇಳಿದಳು: "ಮಗಳ, ಭಾಳ ಹಸಿವಿ ಆಗೇತಿ ನೋಡು."

ಶುಕ್ರವಾರ ಒಪ್ಪಿಗೆ ಪತ್ರ ಖಾಲಿಯೇ ಹೋಯಿತು. ಡಾಕ್ಟರ್ ಹೆಬಸೂರ ಹೊಸ ದಾಖಲೆಯನ್ನು ಮೂರು ಸಲ ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ಗಂಟಿಗೆ ಈಗ ಇದನ್ನ ಕಲಿಸಬಹುದಲ್ರೀ ಸರ್?" ದಾಕ್ಷಾಯಿಣಿ ಆಸೆಯಿಂದ ಕೇಳಿದಳು.

"ಆಗೂದಿಲ್ಲವಾ," ಎಂದರು ಅವರು. "ಗಂಟಿ ಬಾರಿಸೂದು ಒಣಗಿದ ಜಾಗಾದಾಗ. ಈ ಅಲೆ ಅಲ್ಲಿಂದ ಏಳಲಿಕ್ಕತ್ತಿಲ್ಲ, ಇದು ಬ್ಯಾರೆ ದಾರಿ. ನೀವು ತಗೊಂಡ್ರ ಅಷ್ಟ ಏಳತೈತಿ. ಅಲ್ಲಿಗೆ ತಂತಿ ಹಾಕಿದ್ರ ಇದೊಂದೂ ಹೋಗಿಬಿಡತೈತಿ."

"ಮತ್ತ ಏನ್ ಮಾಡೂದ್ರಿ?"

"ನೀವ ಅವರ ಗಂಟಿ. ಎಷ್ಟ ವರ್ಷ ಅಂತ ನನಗೂ ಗೊತ್ತಿಲ್ಲ."

ಎರಡು ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು. ಬೇರೆ ದಾರಿ ಇರಲಿಲ್ಲ. ರೊಟ್ಟಿಯೊಂದೇ ಅಲ್ಲ, ತಾಯಿಯ ಪ್ರತಿ ಕೆಲಸಕ್ಕೂ ತೆಗೆದುಕೊಳ್ಳುವವರು ಬೇಕಿತ್ತು. ಅಂಗಳ ಗುಡಿಸಿದರೆ ದಾಕ್ಷಾಯಿಣಿ ಅದರ ಮೇಲೆ ಬರಿಗಾಲಲ್ಲಿ ಒಂದು ಸುತ್ತು ನಡೆಯಬೇಕು. ಸೀರೆ ಮಡಿಚಿದರೆ ಎರಡೂ ಕೈಯಿಂದ ಇಸಿದುಕೊಳ್ಳಬೇಕು. ತಲೆ ಬಾಚಿಕೊಂಡರೆ ಜಡೆ ಮುಟ್ಟಿ ನೋಡಬೇಕು. ಶಿವಯೋಗಿ ಪ್ರಯತ್ನಿಸಿದ, ಪಾಪ, ಬರಿಗಾಲಲ್ಲಿ ಅಂಗಳ ಸುತ್ತಿದ, ಮರಿ ರೊಟ್ಟಿಯನ್ನೂ ತಿಂದ. ಅಳಿಯ ತಿಂದರೆ ಅಲೆ ಏಳಲಿಲ್ಲ. ತನ್ನ ತಂಗಿಯ ಮದುವೆಗೆ ಅವನೊಬ್ಬನೇ ಹೋಗಿ ಬಂದ. ದಾಕ್ಷಾಯಿಣಿ ಸಂತೆಗೆ ಹೋದರೆ ಅರ್ಧ ತಾಸಿಗೆ ಮರಳಿ ಓಡಿ ಬರುತ್ತಿದ್ದಳು. ತಾಯಿ ಮೈಕೈ ತುಂಬಿಕೊಂಡಳು, ಅಂಗೈ ಮಾಯಿತು, ಓಣಿಯ ಹೆಂಗಸರೊಡನೆ ಹರಟುವಷ್ಟಾದಳು. "ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂದು ಅವರು ಹೊಗಳುವಾಗ ದಾಕ್ಷಾಯಿಣಿಯ ಮೈ ಜುಮ್ಮೆನ್ನುತ್ತಿತ್ತು. ಒಮ್ಮೊಮ್ಮೆ ಹಾಳಾದ ಸಿಟ್ಟು ಬರುತ್ತಿತ್ತು. ಸ್ನಾನಕ್ಕೆ ಹೋಗುವ ಹೊತ್ತಿನಲ್ಲೇ "ಮಗಳ, ಪಾತ್ರಿ ತಿಕ್ಕಿದೆ, ನೋಡ ಬಾ" ಎಂಬ ಕೂಗು ಬಂದಾಗ ಬಚ್ಚಲ ಬಾಗಿಲಿಗೆ ಹಣೆ ಒತ್ತಿ ನಿಂತುಬಿಡುತ್ತಿದ್ದಳು. ಆದರೂ ಹೋಗುತ್ತಿದ್ದಳು.

ಮುಂದಿನ ಚಳಿಗಾಲದಲ್ಲಿ ನೀಲಗಂಗವ್ವನಿಗೆ ಜ್ವರ ಬಂತು. ಐದಾರು ದಿನ ದಾಕ್ಷಾಯಿಣಿಯೇ ರೊಟ್ಟಿ ಬಡಿದಳು. ತಾಯಿ ಶಾಲು ಹೊದ್ದು ಅಡುಗೆಮನೆಯ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಆರನೆಯ ದಿನ ಮುಂಜಾನೆ, ಶಿವಯೋಗಿ ಶಾಲೆಗೆ ಹೋಗಿ ಎಷ್ಟೋ ಹೊತ್ತಾದ ಮೇಲೆ, ಬುಟ್ಟಿ ತುಂಬಿರುವುದು ದಾಕ್ಷಾಯಿಣಿಯ ಕಣ್ಣಿಗೆ ಬಿತ್ತು. ಮೂರು ಮಂದಿಗೆ ಬೇಕಾದ್ದಕ್ಕಿಂತ ಬಹಳ. ಅವಳಿಗೆ ಗೊತ್ತಾಯಿತು. ಗೊತ್ತಾಗುತ್ತಿರುವಾಗಲೇ ಅವಳ ಕೈ ಡಬ್ಬಿಯಿಂದ ಇನ್ನೊಂದು ಹಿಡಿ ಹಿಟ್ಟು ತೆಗೆದು ಪರಾತಕ್ಕೆ ಸುರಿಯಿತು. ನಿಲ್ಲಿಸು ಎಂದು ಅವಳು ತನಗೇ ಹೇಳಿಕೊಂಡಳು. ಕೈ ಎಸರು ಹಾಕಿತು, ನಾದಿತು, ಬಡಿಯಿತು. ಒಳಗೆ ಯಾರೂ ಏನೂ ಅನ್ನಲಿಲ್ಲ. ಅಷ್ಟು ವರ್ಷ ಪರದೆಯ ಮೇಲೆ ನೋಡಿದ್ದ ಆ ಮೌನ ಒಳಗಿನಿಂದ ಹೀಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ತಾಯಿಗೆ ಕಾಣಬಾರದೆಂದು ಬುಟ್ಟಿಗೆ ಬೆನ್ನು ಅಡ್ಡ ಮಾಡಿ ಕುಳಿತಳು.

ನೀಲಗಂಗವ್ವನಿಗೆ ಕಾಣದೆ ಇರುತ್ತದೆಯೇ? ಸಪ್ಪಳ ಕೇಳಿಯೇ ಆಕೆಗೆ ತಿಳಿದಿತ್ತು. ಕೆಲಸ ತೀರಿದ ಮೇಲೂ ಬಡಿಯುವ ಕೈಯ ಸಪ್ಪಳ ಆ ಮನೆಯಲ್ಲಿ ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಕೆಯ ಮುಖ ಒಮ್ಮೆ ಅಳುವಂತಾಯಿತು. ಆಕೆ ಅಳಲಿಲ್ಲ. ಶಾಲು ಸರಿಸಿ, ನೆಲದ ಮೇಲೆ ಜರುಗುತ್ತ ಬಂದು ಮಗಳ ಪಕ್ಕ ಕುಳಿತು, ಜ್ವರದ ಬಿಸಿಯಿದ್ದ ಅಂಗೈಯನ್ನು ಮುಂದೆ ಚಾಚಿದಳು.

"ನನ್ನ ಮರಿ ರೊಟ್ಟಿ ಎಲ್ಲಿ ಮಗಳ?"

ದಾಕ್ಷಾಯಿಣಿ ತಾಯಿಯ ಮುಖ ನೋಡಲಾರದೆ ಹೋದಳು. ಸಣ್ಣ ಉಂಡೆ ಚಿವುಟಿ, ತಟ್ಟಿ, ಬೇಯಿಸಿ ಆ ಅಂಗೈಯ ಮೇಲೆ ಇಟ್ಟಳು. ಜ್ವರದ ಬಾಯಿಗೆ ರುಚಿ ಇರಲಿಲ್ಲ, ಹಸಿವೆಯಂತೂ ಇರಲೇ ಇಲ್ಲ. ಆದರೂ ನೀಲಗಂಗವ್ವ ಚೂರು ಚೂರಾಗಿ ಮುರಿದು, ನೀರು ಕುಡಿದು ಕುಡಿದು ಪೂರ್ತಿ ತಿಂದಳು. ಕಡೆಯ ಚೂರು ಬಾಯಿಗೆ ಹೋದಾಗ, ಬಹಳ ದೂರದಿಂದ ಎಂಬಂತೆ, ದಾಕ್ಷಾಯಿಣಿಯ ಒಳಗೆ ಯಾರೋ ಒಂದು ಮಾತು ಅಂದರು. ಅವಳು ಒಲೆ ಆರಿಸಿದಳು. ಕಪಾಟಿನ ಲಕೋಟೆ ಒಡೆಯುವ ಅಗತ್ಯ ಇನ್ನು ಉಳಿದಿರಲಿಲ್ಲ.

"ನಾಳಿ ನಾ ಬಡಿತೀನಿ," ಎಂದಳು ನೀಲಗಂಗವ್ವ, ಮಗಳ ಕೈಗಂಟಿದ ಹಿಟ್ಟನ್ನು ಸೆರಗಿನಿಂದ ಒರೆಸುತ್ತ. "ನೀ ತಿನ್ನು."

"ನಾಡದು?"

"ನಾಡದು ನೀ ಬಡಿ. ನಾ ತಿಂತೀನಿ."

"ಆಮ್ಯಾಲೆ, ಯವ್ವಾ?"

ನೀಲಗಂಗವ್ವ ಮಗಳ ಇನ್ನೊಂದು ಕೈ ಎಳೆದುಕೊಂಡು ಅದರ ಹಿಟ್ಟನ್ನೂ ಒರೆಸತೊಡಗಿದಳು.